‘ಸಿಕ್ಕಿದೆ, ಇನ್ನು ಕರೆ ಮಾಡಬೇಡಿ’

ಕಳೆದ ಸೋಮವಾರ ನನ್ನ ಅಣ್ಣನ ಮಗ ಕೊನೆಯ ಮಾತ್ರೆ ನುಂಗಿದ. ಪರೇಲಿನ ಟಾಟಾ ಆಸ್ಪತ್ರೆಯ ಕಡತದಲ್ಲಿ ಅವನ ಕಾಯಿಲೆಗೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂದು ಉದ್ದದ ಹೆಸರಿದೆ. ನಮ್ಮ ಮನೆಯಲ್ಲಿ ಅದು ‘ರಕ್ತದ ಬೇನೆ’. ಎರಡೂವರೆ ವರ್ಷದ ಚಿಕಿತ್ಸೆ. ಇನ್ನು ಮೇಲೆ ತಪಾಸಣೆಗೆ ಬಂದು ಹೋಗುವುದಷ್ಟೇ. ಪೂರ್ತಿ ಗುಣವಾಯಿತೇ ಎಂದು ಅಣ್ಣ ಕೇಳಿದ್ದಕ್ಕೆ ಡಾಕ್ಟರು, “ಊರಿಗೆ ಹೋಗಿ, ಶಾಲೆಗೆ ಕಳುಹಿಸಿ” ಎಂದರು. ಅಂದು ರಾತ್ರಿಯೇ ಅವರು ಗದಗದ ಕಡೆ ಹೋಗುವ ರೈಲು ಹಿಡಿದು ಇಂಡಿಗೆ ಹೊರಟರು. ನಾನು ಸಿಎಸ್‌ಎಂಟಿಯಲ್ಲಿ ಡೊಂಬಿವಲಿಯ ಲೋಕಲ್ ಹತ್ತಿ, ಘಾಟ್ಕೋಪರ್ ದಾಟುವವರೆಗೆ ಅತ್ತು, ಆಮೇಲೆ ಮೊಬೈಲಿನಲ್ಲಿ ಇದನ್ನು ಬರೆಯತೊಡಗಿದೆ.

ಡಾಕ್ಟರುಗಳಿಗೆ, ನರ್ಸುಗಳಿಗೆ, ಅಣ್ಣ ಅತ್ತಿಗೆಯನ್ನು ತಿಂಗಳುಗಟ್ಟಲೆ ಇರಿಸಿಕೊಂಡ ದಾದರಿನ ಧರ್ಮಶಾಲೆಗೆ ನಮಸ್ಕಾರ ಹೇಳಿ ಆಗಿದೆ. ಈ ಬರಹ ಬೇರೆಯವರಿಗೆ. ನನ್ನ ಫೋನಿನಲ್ಲಿರುವ, ಇನ್ನೂ ಹೆಸರೇ ಇಡದ ಒಂದು ವಾಟ್ಸ್‌ಆ್ಯಪ್ ಗುಂಪಿನ ಹುಡುಗ ಹುಡುಗಿಯರಿಗೆ. (ಹೆಸರಿಡಲು ಒಮ್ಮೆ ಚರ್ಚೆ ನಡೆಯಿತು. ಹನ್ನೊಂದು ಹೆಸರು ಬಂದವು, ಎರಡು ಜಗಳವಾದವು, ಅಷ್ಟರಲ್ಲಿ ಯಾರಿಗೋ ರಕ್ತ ಬೇಕಾಯಿತು.) ತಮ್ಮ ಹೆಸರು ಬರೆಯಕೂಡದೆಂದು ಅವರು ಆಣೆ ಹಾಕಿಸಿಕೊಂಡಿದ್ದಾರೆ, ಹಾಗಾಗಿ ಯಾರು ಯಾರೆಂದು ಅವರವರೇ ಗುರುತಿಸಿಕೊಳ್ಳಬೇಕು.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಕಿಮೊ ಆರಂಭವಾದ ಮೂರನೆಯ ವಾರ ಹುಡುಗನ ರಕ್ತದಲ್ಲಿ ಹೆಪ್ಪುಗಟ್ಟಿಸುವ ಕಣಗಳ, ಅಂದರೆ ಪ್ಲೇಟ್‌ಲೆಟ್‌ಗಳ, ಸಂಖ್ಯೆ ಕುಸಿಯಿತು. ದಾನಿಗಳನ್ನು ಕರೆತನ್ನಿ ಎಂದರು. ಅಣ್ಣನಿಗೆ ಮುಂಬಯಿಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಹಿಂದಿ ಅರ್ಧ ಬರುತ್ತದೆ, ಮರಾಠಿ ಇಲ್ಲವೇ ಇಲ್ಲ. ರಾತ್ರಿ ಹನ್ನೆರಡಕ್ಕೆ ನಾನೊಂದು ಮನವಿ ಬರೆದೆ. ಒಂದು ಪುಟದಷ್ಟು. ಅದರಲ್ಲಿ ದೇವರಿದ್ದ, ಅತ್ತಿಗೆಯ ಕಣ್ಣೀರಿತ್ತು, ಕೂದಲು ಉದುರಿದ ಹುಡುಗನ ಫೋಟೊ ಇತ್ತು, ‘ದಯವಿಟ್ಟು ಎಲ್ಲರಿಗೂ ಕಳುಹಿಸಿ’ ಎಂಬುದು ಮೂರು ಸಲ ಇತ್ತು. ಯಾವ ದಿನ ಬೇಕು, ಎಷ್ಟು ಗಂಟೆಗೆ ಬರಬೇಕು ಎಂಬುದು ಮಾತ್ರ ಇರಲಿಲ್ಲ. ಅದನ್ನು ಎಲ್ಲರೂ ಎಲ್ಲರಿಗೂ ಕಳುಹಿಸಿದರು. ಬೆಳಗಾಗುವುದರೊಳಗೆ ದುಬೈಯಿಂದ, ಹುಬ್ಬಳ್ಳಿಯಿಂದ, ಎಲ್ಲಿಂದಲೋ ಕರೆಗಳು. ನೂರು ಜನ ಮರುಗಿದರು. ಪರೇಲಿಗೆ ಬಂದವರು ಯಾರೂ ಇಲ್ಲ. ಎರಡು ಸಾವಿರ ಕೊಟ್ಟರೆ ದಾನಿಯನ್ನು ಕಳುಹಿಸುತ್ತೇನೆಂದವನೂ ಒಬ್ಬ. ಹಣಕ್ಕೆ ರಕ್ತ ಮಾರುವುದು ನಮ್ಮ ದೇಶದಲ್ಲಿ 1998ರ ಜನವರಿಯಿಂದಲೇ ನಿಷಿದ್ಧ ಎಂಬುದು ಆಗ ನನಗೆ ತಿಳಿದಿರಲಿಲ್ಲ. ನಿಜ ಹೇಳುವುದಾದರೆ ಪರ್ಸು ತೆರೆದಿದ್ದೆ.

ಅದೇ ಬೆಳಿಗ್ಗೆ ಪರಿಚಯವಿಲ್ಲದ ಸಂಖ್ಯೆಯಿಂದ ಒಂದು ಸಂದೇಶ ಬಂತು. “ಅಕ್ಕಾ, ನಾನು ಭಾಂಡುಪಿನವಳು, ಕಾಲೇಜಿನಲ್ಲಿ ಎರಡನೆಯ ವರ್ಷ. ಮೊದಲು ಮಗುವಿನ ಫೋಟೊ ತೆಗೆಯಿರಿ. ಆಮೇಲೆ ನಾನು ಕೇಳುವ ಆರು ಪ್ರಶ್ನೆಗಳಿಗೆ ಉತ್ತರ ಕೊಡಿ.”

ನನಗೆ ಸಿಟ್ಟು ಬಂತು. ನನ್ನ ಮಗಳ ವಯಸ್ಸಿನವಳು. ಆದರೂ ಉತ್ತರಿಸಿದೆ. ರಕ್ತದ ಗುಂಪು ಯಾವುದು? ಪೂರ್ತಿ ರಕ್ತವೋ, ಯಂತ್ರದಿಂದ ತೆಗೆಯುವ ಪ್ಲೇಟ್‌ಲೆಟ್ಟೋ? ಯಾವ ಆಸ್ಪತ್ರೆಯ ಯಾವ ಕಟ್ಟಡ? ಯಾವ ದಿನ, ಎಷ್ಟು ಗಂಟೆಯೊಳಗೆ? ಬಾಗಿಲಲ್ಲಿ ಯಾರು ಸಿಗುತ್ತಾರೆ? ಈ ಮನವಿ ಯಾವಾಗ ಸಾಯುತ್ತದೆ?

ಕೊನೆಯ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅವಳೇ ವಿವರಿಸಿದಳು. ಪ್ಲೇಟ್‌ಲೆಟ್ಟನ್ನು ಫ್ರಿಜ್ಜಿನಲ್ಲಿಡುವಂತಿಲ್ಲ, 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗುವ ತಟ್ಟೆಯ ಮೇಲೆ, ಹೆಚ್ಚೆಂದರೆ ಐದು ದಿನ ಇರುತ್ತದೆ. ಮುಂದಿನ ತಿಂಗಳ ದಾನಿಯನ್ನು ಇವತ್ತು ಕರೆದರೆ ಅವನ ಶ್ರಮ ವ್ಯರ್ಥ. ಅದಕ್ಕೇ ಅವಳು ಮನವಿಯನ್ನು ಇನ್‌ಸ್ಟಾಗ್ರಾಮಿನ ಸ್ಟೋರಿಯಲ್ಲಿ ಹಾಕುತ್ತಾಳೆ. 24 ಗಂಟೆಗೆ ತಾನಾಗಿ ಅಳಿಸಿಹೋಗುತ್ತದೆ. ಅದು ದೋಷವೆಂದು ನಾನು ಭಾವಿಸಿದ್ದೆ, ಅವಳು ಅದನ್ನೇ ಉಪಯೋಗಕ್ಕೆ ತಂದಿದ್ದಳು. ಬೇಕಾದದ್ದು ದೊರೆತ ಕೂಡಲೇ ಎಲ್ಲ ಕಡೆ ‘ಸಿಕ್ಕಿದೆ, ಇನ್ನು ಕರೆ ಮಾಡಬೇಡಿ’ ಎಂದು ಹಾಕುವುದು ಅವರ ಗುಂಪಿನಲ್ಲಿ ಕಡ್ಡಾಯ. ಮರೆತವರಿಗೆ ಅವಳಿಂದ ಮಂಗಳಾರತಿ ಖಚಿತ.

ನಾಲ್ಕು ಸಾಲಿನ ಹೊಸ ಮನವಿ ಹೊರಟಿತು. ಫೋಟೊ ಇಲ್ಲ, ದೇವರಿಲ್ಲ. ಮಧ್ಯಾಹ್ನದೊಳಗೆ ಇಬ್ಬರು ಬಿ ಪಾಸಿಟಿವ್ ಹುಡುಗರು ಬಾಗಿಲಲ್ಲಿದ್ದರು.

ಈ ಭಾಂಡುಪಿನ ಹುಡುಗಿ ಇಂದಿಗೂ ಒಂದು ಹನಿ ರಕ್ತ ಕೊಟ್ಟವಳಲ್ಲ. ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು; ಅವಳದು ಮೂರು ಸಲವೂ ಅದಕ್ಕಿಂತ ಕಡಿಮೆ ಬಂದು ವಾಪಸು ಕಳುಹಿಸಿದರು. ಮೂರನೆಯ ಸಲ ರಕ್ತನಿಧಿಯ ಮೆಟ್ಟಿಲ ಮೇಲೆ ಕುಳಿತು ಅತ್ತಳಂತೆ. ಆಮೇಲೆ ಪಟ್ಟಿ ಮಾಡಲು ಕುಳಿತಳು: ಯಾರು ಯಾವಾಗ ಕೊಟ್ಟರು, ಪೂರ್ತಿ ರಕ್ತ ಕೊಟ್ಟವರು ಮತ್ತೆ ಕೊಡುವ ಮುನ್ನ ಬಿಡಬೇಕಾದ ಅಂತರ, ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ, ಯಾವತ್ತಿಗೆ ತುಂಬುತ್ತದೆ, ಯಾರಿಗೆ ಪರೀಕ್ಷೆ, ಯಾರು ರಾತ್ರಿ ಪಾಳಿ. ಸೂಜಿ ಚುಚ್ಚಿಸಿಕೊಂಡವರ ಲೆಕ್ಕ ನನ್ನ ಡೈರಿಯಲ್ಲಿ 31 ಇದೆ. ಅವಳು ಆ ಲೆಕ್ಕದಲ್ಲಿಲ್ಲ. ಆ 31 ಜನರೂ ಅವಳ ಪಟ್ಟಿಯಿಂದ ಬಂದವರು.

ಮಾಟುಂಗದ ಉಡುಪಿ ಹೋಟೆಲಿನ ಹುಡುಗನೇ, ನಿನಗೂ ಹೇಳಬೇಕು. ಅದು ಜುಲೈ. ರಾತ್ರಿಯಿಡೀ ಮಳೆ ಹುಯ್ದು ಸಯಾನ್, ಕುರ್ಲಾ ಬಳಿ ಹಳಿಗಳು ಮುಳುಗಿ ಲೋಕಲ್ ನಿಂತಿತ್ತು. ಅಂದು ಬರಬೇಕಿದ್ದ ದಾನಿ ಠಾಣೆಯಲ್ಲಿ ಸಿಕ್ಕಿಕೊಂಡ, ನಾನು ಡೊಂಬಿವಲಿಯಲ್ಲಿ. ಪಟ್ಟಿಯಲ್ಲಿ ಮುಂದಿನವನು ನೀನು. ಮುಂಜಾನೆಯ ಪಾಳಿಯನ್ನು ಯಾರಿಗೋ ಒಪ್ಪಿಸಿ, ಖಾಲಿ ಹೊಟ್ಟೆಯಲ್ಲಿ ಕೊಡಬಾರದೆಂದು ನಾಲ್ಕು ಇಡ್ಲಿ ತಿಂದು, ಇನ್ನೆರಡನ್ನು ಕಟ್ಟಿಸಿಕೊಂಡು ನಡೆದೇ ಹೊರಟೆ. ಹಿಂದ್‌ಮಾತಾದಲ್ಲಿ ಸೊಂಟದವರೆಗೆ ನೀರು. ಆಸ್ಪತ್ರೆಯಲ್ಲಿ ಕಾಲು ತೊಳೆದು, ಅಣ್ಣನ ಒಣ ಪಂಚೆ ಉಟ್ಟು, ಒಂದೂವರೆ ಗಂಟೆ ಯಂತ್ರದ ಪಕ್ಕ ಮಲಗಿದೆ. ಅದು ರಕ್ತದಿಂದ ಪ್ಲೇಟ್‌ಲೆಟ್ಟನ್ನು ಮಾತ್ರ ಸೋಸಿಕೊಂಡು ಉಳಿದದ್ದನ್ನು ಮೈಗೇ ಮರಳಿಸುತ್ತದೆ. “ಬಡ್ಡಿ ಇಟ್ಟುಕೊಂಡು ಅಸಲು ಕೊಡುತ್ತಾರೆ ಅಕ್ಕಾ” ಎಂದು ಫೋನಿನಲ್ಲಿ ನಕ್ಕೆ. ಕಟ್ಟಿಸಿಕೊಂಡ ಎರಡು ಇಡ್ಲಿಯನ್ನು ನೀನು ಅತ್ತಿಗೆಗೆ ಕೊಟ್ಟೆ. ಹಿಂದಿನ ರಾತ್ರಿಯಿಂದ ಅವಳು ಏನೂ ತಿಂದಿರಲಿಲ್ಲ ಎಂದು ನಿನಗೆ ಯಾರೂ ಹೇಳಿರಲಿಲ್ಲ.

ರಕ್ತವೊಂದೇ ಅಲ್ಲ. ನಾನು ಮಸ್ಜಿದ್ ಬಂದರಿನ ಕಚೇರಿಯಲ್ಲಿ ಲೆಕ್ಕ ಬರೆಯುವ ಹೊತ್ತಿನಲ್ಲಿ ಅಣ್ಣನಿಗೆ ವಾರ್ಡಿನಲ್ಲಿ ಏನಾದರೂ ಹೇಳಿದರೆ ಅವನು ಗುಂಪಿಗೆ ಕರೆ ಮಾಡುತ್ತಿದ್ದ. ಅಂಬರನಾಥದ ಒಬ್ಬಳು, ವಾಶಿಯ ಒಬ್ಬ, ಯಾರು ಬಿಡುವಾಗಿದ್ದರೋ ಅವರು ನರ್ಸಿನ ಮರಾಠಿಯನ್ನು ಕನ್ನಡ ಮಾಡಿ ಹೇಳುತ್ತಿದ್ದರು. ಮುಂಬಯಿಯಲ್ಲೇ ಹುಟ್ಟಿದ ಈ ಮಕ್ಕಳ ಕನ್ನಡ ಮನೆಯೊಳಗಿನ ಕನ್ನಡ. ‘ಸೋಂಕು’ ಎಂಬ ಪದ ಅವರಿಗೆ ಬಾರದು. “ಗಾಯಕ್ಕೆ ನಂಜು ಏರುತ್ತದಲ್ಲ, ಹಾಗೆ ಆಗಬಾರದು, ಹೊರಗಿನ ಊಟ ಬೇಡ” ಎಂದು ಒಬ್ಬಳು ಧ್ವನಿ ಸಂದೇಶ ಕಳುಹಿಸಿದ್ದಳು. ಅತ್ತಿಗೆಗೆ ಅದು ಡಾಕ್ಟರ ಮಾತಿಗಿಂತ ಚೆನ್ನಾಗಿ ನಾಟಿತು.

ಈ ಮಕ್ಕಳ ಮೇಲೊಂದು ದೂರು ಕೇಳಿದ್ದೇನೆ: ರಕ್ತ ಕೊಡುವಾಗ ಸೆಲ್ಫಿ ಹಾಕುತ್ತಾರೆ, ಪ್ರಮಾಣಪತ್ರಕ್ಕಾಗಿ ಬರುತ್ತಾರೆ. ಹಾಕಲಿ ಬಿಡಿ. ಚುಚ್ಚಿಸಿಕೊಂಡ ತೋಳು ಅವರದು, ಫೋಟೊವೂ ಅವರದು. ಅದನ್ನು ನೋಡಿ ಇನ್ನೊಬ್ಬ ಕೇಳುತ್ತಾನೆ, ನೋವಾಗುತ್ತದೆಯೇ ಎಂದು. ನಮ್ಮ ಹುಡುಗನ ಫೋಟೊ ಹಾಕಿದ್ದು ಮಾತ್ರ ತಪ್ಪಾಗಿತ್ತು. ಅವನನ್ನು ಯಾರೂ ಕೇಳಿರಲಿಲ್ಲ. ಮುಲುಂಡಿನ ಒಬ್ಬ ಎನ್‌ಎಸ್‌ಎಸ್‌ನ (ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ) ವರ್ಷದ 120 ಗಂಟೆ ಸೇವೆ ತುಂಬಿಸಲೆಂದೇ ಬಂದಿದ್ದ, ತಾನೇ ಹೇಳಿಕೊಂಡಿದ್ದ. ಅವನ ಗಂಟೆಗಳು ಆಗಸ್ಟಿನಲ್ಲೇ ತುಂಬಿದವು. ದೀಪಾವಳಿಯ ದಿನವೂ ಅವನು ಬ್ಲಡ್ ಬ್ಯಾಂಕಿನ ಬೆಂಚಿನ ಮೇಲೆ ಕುಳಿತಿದ್ದ.

ಎಲ್ಲವೂ ಸರಿಯಾಗಿಯೇ ನಡೆಯಿತು ಎನ್ನಲಾರೆ. ಬರುತ್ತೇನೆಂದು ಫೋನ್ ಆರಿಸಿಟ್ಟವರಿದ್ದರು. ಪ್ಲೇಟ್‌ಲೆಟ್ಟಿನ ಕೆಲಸ ಕುಂದಿಸುವ ಆಸ್ಪಿರಿನ್ ಮಾತ್ರೆಯನ್ನು ಹಿಂದಿನ ದಿನ ನುಂಗಿ ಬಂದು ತಿರುಗಿ ಹೋದವನಿದ್ದ. ಪರೀಕ್ಷೆಯ ದಿನಗಳಲ್ಲಿ ಗುಂಪು ಸ್ಮಶಾನದಂತೆ ಮೌನವಾಗಿರುತ್ತಿತ್ತು. ಒಂದು ಸಲ ನಾನು ರೇಗಿ ಏನೇನೋ ಬರೆದೆ. ಅದಕ್ಕೆ ಇಲ್ಲಿ ಕ್ಷಮೆ ಕೇಳುತ್ತೇನೆ.

ಮೊನ್ನೆ ಸಂಜೆ ಸೊಲ್ಲಾಪುರದಿಂದ ಒಬ್ಬರು ಕರೆ ಮಾಡಿದರು. ನನ್ನ ಆ ಮೊದಲ ಮನವಿ, ದೇವರು ಮತ್ತು ಕಣ್ಣೀರು ಇರುವುದು, ಎರಡೂವರೆ ವರ್ಷ ಸುತ್ತಿ ಅವರನ್ನು ತಲುಪಿದೆ. “ಮಗು ಇನ್ನೂ ಆಸ್ಪತ್ರೆಯಲ್ಲಿದೆಯೇ ತಾಯಿ?” ಎಂದರು. ಇಲ್ಲ, ಇಂಡಿಯಲ್ಲಿದ್ದಾನೆ, ಲಿಂಬೆ ತೋಟದಲ್ಲಿ ಮರ ಹತ್ತಲು ಹೋಗಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದಾನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳ್ಳೆಯದಾಯಿತು ಎಂದು ಫೋನ್ ಇಡಲು ಹೊರಟರು. ತಡೆದು, ನಿಮ್ಮದು ಯಾವ ಗುಂಪು ಎಂದು ಕೇಳಿದೆ. ಒ ನೆಗೆಟಿವ್, ಮುಂಬಯಿಗೆ ತಿಂಗಳಿಗೊಮ್ಮೆ ಲಾರಿ ತರುತ್ತೇನೆ ಎಂದರು. ಭಾಂಡುಪಿನ ಹುಡುಗಿಗೆ ಆ ಸಂಖ್ಯೆಯನ್ನು ಕಳುಹಿಸಿದ್ದೇನೆ.