ಮುಂದಿನ ಅಪ್‌ಡೇಟ್‌ನಲ್ಲಿ ವಯಸ್ಸು ಕೇಳುತ್ತೇವೆ, ಯಾಕೆ ಅಂತ ಮೊದಲೇ ಹೇಳಿಬಿಡುತ್ತೇವೆ

ನಮಸ್ಕಾರ,

ನಮ್ಮ ಆಪರೇಟಿಂಗ್ ಸಿಸ್ಟಮ್ ಬಳಸುವ ನಿಮಗೆಲ್ಲ ಈ ಪತ್ರ. ಮುಂದಿನ ಆವೃತ್ತಿಯಲ್ಲಿ ಹೊಸ ಖಾತೆ ತೆರೆಯುವಾಗ, ಹೆಸರು, ಪಾಸ್‌ವರ್ಡ್ ಆದಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ: "ಈ ಖಾತೆ ಬಳಸುವವರ ವಯಸ್ಸೆಷ್ಟು?" ಇಷ್ಟು ವರ್ಷ ಏನೂ ಕೇಳದೆ ಸುಮ್ಮನಿದ್ದವರು ಈಗ ಇದನ್ನೆಲ್ಲ ಯಾಕೆ ಶುರು ಮಾಡಿದರು ಅಂತ ಸಿಟ್ಟು ಬಂತಾ? ನಮಗೂ ಬಂದಿತ್ತು.

ಕಾರಣ ಕ್ಯಾಲಿಫೋರ್ನಿಯಾದ ಎಬಿ 1043 ಎಂಬ ಕಾನೂನು. 2025ರ ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು, 2027ರ ಜನವರಿ 1ರಿಂದ ಜಾರಿ. ಬಳಸುವವರು 13ಕ್ಕಿಂತ ಚಿಕ್ಕವರಾ, 13ರಿಂದ 15ರೊಳಗಾ, 16–17ರವರಾ, 18 ತುಂಬಿದವರಾ ಅಂತ ಆ್ಯಪ್ ಕೇಳಿದಾಗ ಆಪರೇಟಿಂಗ್ ಸಿಸ್ಟಮ್ ಉತ್ತರ ಕೊಡಬೇಕು. ತಪ್ಪಿದರೆ ತೊಂದರೆಗೊಳಗಾದ ಒಂದೊಂದು ಮಗುವಿಗೂ 2,500 ಡಾಲರ್‌ವರೆಗೆ ದಂಡ, ಬೇಕಂತಲೇ ಮಾಡಿದ್ದರೆ 7,500ರವರೆಗೆ. ನಮ್ಮಂಥ ಸಣ್ಣ ತಂಡ ಅಷ್ಟು ತಡೆದುಕೊಳ್ಳುವುದಿಲ್ಲ.

ಗುರುತಿನ ಚೀಟಿ ಕೇಳುವುದಿಲ್ಲ, ಮುಖದ ಫೋಟೋನೂ ಬೇಡ. ಕಾನೂನು ಕೂಡ ಅದನ್ನು ಕೇಳಿಲ್ಲ, ನೀವು ಹೇಳಿದ್ದೇ ಲೆಕ್ಕ. ಸುಳ್ಳು ಹೇಳಿದರೆ ಅಂತ ಕೇಳುತ್ತೀರಾ? ಹೇಳಬಹುದು. ಆದರೆ ಚೀಟಿ ಸಂಗ್ರಹಿಸಿದವರ ಕಥೆ ನೋಡಿದ್ದೇವಲ್ಲ: 2025ರಲ್ಲಿ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ಗೆ ಕೆಲಸ ಮಾಡುತ್ತಿದ್ದ ಹೊರಗಿನ ಕಂಪನಿಯೊಂದರಿಂದ ಸುಮಾರು 70,000 ಜನರ ಗುರುತಿನ ಚೀಟಿಯ ಫೋಟೋ ಸೋರಿರಬಹುದು ಅಂತ ಡಿಸ್ಕಾರ್ಡೇ ಹೇಳಿತು. ನಮ್ಮ ಹತ್ತಿರ ಇಲ್ಲದ್ದನ್ನು ಯಾರೂ ಕದಿಯಲಾರರು.

ನಮಗೆ ಜಾಸ್ತಿ ತಲೆ ಕೆಡಿಸಿದ್ದು ಏನನ್ನು ಉಳಿಸಿಕೊಳ್ಳಬೇಕು ಅನ್ನೋದು. ಹುಟ್ಟಿದ ದಿನಾಂಕ ಇಟ್ಟುಕೊಂಡರೆ ಮಗುವಿಗೆ 13 ತುಂಬಿದ ದಿನ ವಯಸ್ಸಿನ ಗುಂಪು ತಾನಾಗಿ ಬದಲಾಗುತ್ತದೆ, ಕೆಲಸ ಸುಲಭ, ಆದರೆ ದಿನಾಂಕ ಡಿಸ್ಕ್ ಮೇಲೆ ಕೂತಿರುತ್ತದೆ. ಬೇಡ, "ಮುಂದಿನ ಗುಂಪಿಗೆ ಹೋಗುವ ದಿನ" ಮಾತ್ರ ಇಡೋಣ ಅಂದುಕೊಂಡೆವು. ಅರ್ಧ ಕೋಡ್ ಬರೆದ ಮೇಲೆ ನಮ್ಮಲ್ಲೊಬ್ಬರು ನಕ್ಕರು: ಅದರಲ್ಲಿ 13 ವರ್ಷ ಕಳೆದರೆ ಹುಟ್ಟಿದ ದಿನವೇ ಬರುತ್ತೆ, ಅಲ್ವಾ? ಇನ್ನೂ ಒಂದಿದೆ. ಗುಂಪು ತಾನಾಗಿ ಬದಲಾಗುವಂತಿದ್ದರೆ, ದಿನಾ ತೆರೆಯುವ ಆಟದ ಆ್ಯಪ್‌ಗೆ ನಿನ್ನೆ "13–15", ಇವತ್ತು "16–17" ಅಂತ ಉತ್ತರ ಹೋದರೆ ಸಾಕು, ಹುಟ್ಟುಹಬ್ಬ ಯಾವತ್ತು ಅಂತ ಯಾರೂ ಹೇಳದೆಯೇ ಅದಕ್ಕೆ ಗೊತ್ತಾಗಿಬಿಡುತ್ತದೆ.

ಹಾಗಾಗಿ ನೀವು ಹಾಕಿದ ಅಂಕಿಯಿಂದ ಗುಂಪು ಯಾವುದು ಅಂತ ನೋಡಿ, ಅಂಕಿಯನ್ನು ಅಲ್ಲೇ ಬಿಟ್ಟುಬಿಡುತ್ತೇವೆ. ಗುಂಪು ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ನಮ್ಮ ಸರ್ವರ್‌ಗೆ ಬರುವುದಿಲ್ಲ. ಮಕ್ಕಳ ಖಾತೆಯಾದರೆ ವರ್ಷಕ್ಕೊಮ್ಮೆ ನೆನಪಿಸುತ್ತೇವೆ, ಅಪ್ಪನೋ ಅಮ್ಮನೋ ಕೈಯಿಂದಲೇ ಬದಲಾಯಿಸಬೇಕು. ಸ್ವಲ್ಪ ಕಿರಿಕಿರಿ, ಗೊತ್ತು. ಯಾವ ಆ್ಯಪ್ ಯಾವಾಗ ಕೇಳಿತು ಅನ್ನುವುದು ಸೆಟ್ಟಿಂಗ್ಸ್‌ನ "ವಯಸ್ಸು" ಪುಟದಲ್ಲಿ ಸಾಲಾಗಿ ಕಾಣುತ್ತದೆ. ಟಾರ್ಚ್ ಆ್ಯಪ್‌ಗೆ ನಿಮ್ಮ ವಯಸ್ಸು ಯಾಕೆ ಬೇಕಾಯಿತು ಅಂತ ಆಗ ನೀವೇ ಕೇಳಬಹುದು.

ಮನೆಯವರೆಲ್ಲ ಒಂದೇ ಖಾತೆ ಬಳಸುತ್ತಿದ್ದರೆ ಇದ್ಯಾವುದೂ ಕೆಲಸಕ್ಕೆ ಬಾರದು, ಅಪ್ಪನ ಖಾತೆಯಲ್ಲಿ ಕೂತ ಮಗುವೂ 18 ತುಂಬಿದವರೇ. ಮಕ್ಕಳಿಗೆ ಬೇರೆ ಖಾತೆ ಮಾಡಿಕೊಡಿ.

ಕ್ಯಾಲಿಫೋರ್ನಿಯಾದಲ್ಲಿ ಇಲ್ಲದವರು ಪ್ರಶ್ನೆಯನ್ನು ದಾಟಿ ಹೋಗಬಹುದು. ಎಲ್ಲಿದ್ದೀರಿ ಅಂತ ಐಪಿ ವಿಳಾಸ ನೋಡಿ ಪತ್ತೆ ಮಾಡುವುದಿಲ್ಲ, ಅದನ್ನೂ ನೀವೇ ಹೇಳಿ. ಹಳೆಯ ಖಾತೆಗಳಿಗೆ ಕಾನೂನು 2027ರ ಜುಲೈ 1ರವರೆಗೆ ಸಮಯ ಕೊಟ್ಟಿದೆ, ಆದ್ದರಿಂದ ನಿಮ್ಮನ್ನು ಈಗಲೇ ಕಾಡುವುದಿಲ್ಲ.

ಪರೀಕ್ಷಾ ಆವೃತ್ತಿ ಹಾಕಿಕೊಂಡವರಿಗೆ ಒಂದು ಮಾತು. ಅದರಲ್ಲಿ ಹುಟ್ಟಿದ ದಿನಾಂಕವನ್ನೇ ಕೇಳಿದ್ದೆವು, ಖಾಲಿ ಬಿಟ್ಟವರೆಲ್ಲ 1970ರ ಜನವರಿ 1ರಂದು ಹುಟ್ಟಿದರು! ಕಂಪ್ಯೂಟರ್ ಒಳಗಿನ ಯುನಿಕ್ಸ್ ಗಡಿಯಾರ ಸೊನ್ನೆಯಿಂದ ಎಣಿಸಲು ಶುರು ಮಾಡುವುದು ಆ ದಿನದಿಂದಲೇ, ಖಾಲಿ ಜಾಗದ ಸೊನ್ನೆಯನ್ನು ನಾವು ದಿನಾಂಕ ಅಂದುಕೊಂಡೆವು. ಹೀಗೆ ಕೆಲವು ಮಕ್ಕಳ ಖಾತೆಯೂ ದೊಡ್ಡವರ ಗುಂಪಿಗೆ ಸೇರಿರಬಹುದು. "ವಯಸ್ಸು" ಪುಟಕ್ಕೆ ಹೋಗಿ "ಅಳಿಸು" ಒತ್ತಿ, ಮತ್ತೆ ಹಾಕಿ.

ಇಂತಿ,
ನಿಮ್ಮ ತಂಡ