ಮಟನ್ ಕಬಾಬ್‌ನಲ್ಲಿ ಯಾವ ನೆಣ? ನಾಲ್ಕನೇ ಸಲ ಕೇಳುತ್ತಿದ್ದೇನೆ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಎರಡು ಸಲ ಫೋನ್ ಮಾಡಿ, ಒಂದು ಮೇಲ್ ಕಳಿಸಿ ಆಯಿತು. ಸಿಟ್ಟು ಮಾಡ್ಕೊಳ್ಳದೆ ಬರೆಯಮ್ಮ ಅಂತ ಮಗಳು ಹೇಳಿದ್ದಾಳೆ. ನೋಡೋಣ.

ಈ ತಿಂಗಳ ಮೊದಲ ಭಾನುವಾರ ನಿಮ್ಮ ಅಂಗಡಿಯಿಂದ ಅರ್ಧ ಕೆಜಿ ಮಟನ್ ಸೀಖ್ ಕಬಾಬ್ ತಂದೆ. ಪ್ಯಾಕೆಟ್ ಮೇಲಿನ ಪಟ್ಟಿಯಲ್ಲಿ ಮಟನ್, ಮಟನ್ ಕೊಬ್ಬು, ಈರುಳ್ಳಿ, ಮಸಾಲೆ. ಕೋಳಿಯ ಸುದ್ದಿಯೇ ಇಲ್ಲ, ಎಣ್ಣೆಯೂ ಇಲ್ಲ. ನಾನೂ ಒಂದು ಹನಿ ಎಣ್ಣೆ ಹಾಕದೆ ತವಾ ಮೇಲೆ ಬೇಯಿಸಿ, ಬಿಟ್ಟ ಜಿಡ್ಡನ್ನು ಸ್ಟೀಲ್ ಬಟ್ಟಲಿಗೆ ಬಸಿದು ಹೊರಗೇ ಇಟ್ಟೆ. ಬೆಳಿಗ್ಗೆ ಬಟ್ಟಲು ಓರೆ ಮಾಡಿದರೆ ಹಳದಿ ಜಿಡ್ಡು ಸರಸರ ಹರಿಯಿತು.

ನಮ್ಮಪ್ಪ ಮಟನ್ ಅಂಗಡಿ ಇಟ್ಟಿದ್ದವರು. ಬಾಡೂಟದಲ್ಲಿ ಸಾರು ಆರಿದರೆ ಕುರಿ ನೆಣ ಎಲೆ ಮೇಲೇ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ತುಟಿಗೆ ಮೇಣದ ಹಾಗೆ ಅಂಟುತ್ತದೆ. ಅದು ಪೂರ್ತಿ ಕರಗಲು 40 ಡಿಗ್ರಿ ದಾಟಬೇಕು. ರಾತ್ರಿಯಿಡೀ ಹೊರಗಿಟ್ಟರೂ ಗಟ್ಟಿಯಾಗದ್ದು ಕೋಳಿ ನೆಣದ ಗುಣ.

ಬರೀ ಬಟ್ಟಲು ನೋಡಿ ತೀರ್ಪು ಕೊಡೋಕಾಗಲ್ಲ, ಒಪ್ಪುತ್ತೇನೆ. ಅದಕ್ಕೇ ಆ ಬ್ಯಾಚಿನ ಪರೀಕ್ಷಾ ವರದಿ ಕೇಳಿದೆ. ನಿಮ್ಮ ಹುಡುಗ ಏನಂದ ಗೊತ್ತಾ?

"ಮೇಡಂ, ಕಬಾಬ್ ಇಟ್ಟಿದ್ದ ಫ್ರಿಜ್ ಆನ್ ಇತ್ತಾ?"

ಇತ್ತು.

"ತವಾ ಸರಿಯಾಗಿ ತೊಳೆದಿದ್ರಾ?"

ತೊಳೆದಿದ್ದೆ.

"ಫೋಟೋದಲ್ಲಿ ಹಳದಿ ಕಾಣ್ತಿರೋದು ನಿಮ್ಮನೆ ಲೈಟಿಂದ ಇರಬಹುದು."

ಬಟ್ಟಲನ್ನು ಬಿಸಿಲಿಗೆ ಹಿಡಿದು ಇನ್ನೊಂದು ಫೋಟೋ ಕಳಿಸಿದೆ. ಹನ್ನೊಂದು ನಿಮಿಷ ಹೋಲ್ಡ್‌ನಲ್ಲಿಟ್ಟು, ಸಂಗೀತ ಕೇಳಿಸಿ, ವಾಪಸ್ ಬಂದು "ಮೇಡಂ, ನೀವು ಮನೇಲಿ ಮಟನ್ ಮಾಡೋದು ಕಮ್ಮಿ ಅನ್ಸುತ್ತೆ" ಅಂದ. ಪಕ್ಕದಲ್ಲಿ ಯಾರೋ ಕಿಸಕ್ಕಂದಿದ್ದೂ ಕೇಳಿಸಿತು. ಕೊನೆಗೆ ಸಮಾಧಾನಕ್ಕೆ ಐವತ್ತು ರೂಪಾಯಿ ಕೂಪನ್ ಕೊಟ್ಟ. ಯಾವುದಕ್ಕೆ? ನಿಮ್ಮ ಚಿಕನ್ ನಗೆಟ್ಸ್‌ಗೆ. ಅದರಲ್ಲಾದರೂ ಕೋಳಿಯ ಹೆಸರು ಹೇಳಿಕೊಂಡು ಮಾರುತ್ತೀರಿ, ಸಂತೋಷ.

ಪ್ರಾಣಿ ಕೊಬ್ಬು ಹಾಕಿದರೆ ಯಾವ ಪ್ರಾಣಿಯದು ಅಂತ ಲೇಬಲ್‌ನಲ್ಲಿ ಬರೆಯಲೇಬೇಕು. ಈ ನಿಯಮ ನಿಮಗೆ ನಾನು ಹೇಳಿಕೊಡಬೇಕಾ? ಮಾಂಸ ಯಾವುದು ಅಂತ ಡಿಎನ್‌ಎ ಪರೀಕ್ಷೆಯಲ್ಲಿ ತಿಳಿಯುತ್ತದೆ. ನೆಣ ಕಾಯಿಸಿ ಸೋಸಿ ಹಾಕಿದ್ದರೆ ಅದರಲ್ಲಿ ಡಿಎನ್‌ಎ ಸಿಗುವುದು ಕಷ್ಟ, ಆಗ ಗ್ಯಾಸ್ ಕ್ರೊಮಟೋಗ್ರಫಿ ಇದೆ, ನೆಣದಲ್ಲಿರುವ ಕೊಬ್ಬಿನಾಮ್ಲಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ. ಕುರಿ ನೆಣದಲ್ಲಿ ಸ್ಟಿಯರಿಕ್ ಆಮ್ಲ ಜಾಸ್ತಿ, ಕೋಳಿಯದರಲ್ಲಿ ಲಿನೊಲೆಯಿಕ್ ಜಾಸ್ತಿ. ಮಗಳು ಓದುತ್ತಿರುವುದು ಫುಡ್ ಟೆಕ್ನಾಲಜಿ, ನಿಮ್ಮ ದುರದೃಷ್ಟ.

ನನಗೆ ಕೂಪನ್ ಬೇಡ. ದುಡ್ಡೂ ನೀವೇ ಇಟ್ಟುಕೊಳ್ಳಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ತಪ್ಪು ಕಂಡುಬಂದರೆ ಆ ಶುಲ್ಕ ವಾಪಸ್. ಷರತ್ತು ಒಂದೇ, ಪರೀಕ್ಷೆಗೆ ಕಳಿಸುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಮಟನ್‌ಗೆ ಕ್ಯೂ ನಿಂತಿರುತ್ತದಲ್ಲ, ಆಗ ಬರುತ್ತೇನೆ. ಅದೇ ಕಬಾಬ್ ಕೊಳ್ಳುತ್ತೇನೆ. ನಿಮ್ಮ ಕೌಂಟರಿನವರಿಗೆ ಕಿವಿ ಸ್ವಲ್ಪ ಮಂದ ಇರಬಹುದು, ಹಾಗಾಗಿ ಜೋರಾಗಿಯೇ ತಿಳಿಸುತ್ತೇನೆ.

ಇಂತಿ,
ಮಟನ್ ಮಾಡೋದು ಕಮ್ಮಿ ಇರುವ ನಿಮ್ಮ ಗ್ರಾಹಕಿ