ಮೊಬೈಲ್ ಕಿತ್ತುಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಏಳನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಕಳೆದ ತಿಂಗಳು ಒಂದು ಸಂಜೆ, ನಾನು ಕೋಣೆಗೆ ಕಾಲಿಟ್ಟ ತಕ್ಷಣ ಮೊಬೈಲನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು. ಆನ್‌ಲೈನ್ ಆಟವೊಂದರ ಚಾಟ್‌ನಲ್ಲಿ ಪರಿಚಯವಾದ ಯಾರೋ, ಆಟದ ಪಾತ್ರಕ್ಕೆ ಹೊಸ ಉಡುಪು ಕೊಡಿಸುವುದಾಗಿ ಆಸೆ ತೋರಿಸಿ, ಯಾವ ಶಾಲೆ, ಮನೆಯಲ್ಲಿ ಯಾರಿದ್ದಾರೆ ಎಂದೆಲ್ಲ ವಿಚಾರಿಸಿ, ಫೋಟೊ ಕಳುಹಿಸುವಂತೆ ಮೂರು ದಿನಗಳಿಂದ ಪೀಡಿಸುತ್ತಿದ್ದುದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಿಸಿದಾಗ ತಿಳಿಯಿತು. ಮೊದಲೇ ಏಕೆ ಹೇಳಲಿಲ್ಲವೆಂದರೆ, ‘ಹೇಳಿದ್ರೆ ಫೋನ್ ಕಿತ್ಕೋತಿದ್ದೆ ಅಲ್ವಾ ಅಪ್ಪಾ’ ಎಂದಳು. ಹಿಂದೆ ಎರಡು ಬಾರಿ ಅಂಕ ಕಡಿಮೆ ಬಂದಾಗ ನಾನು ಮಾಡಿದ್ದೂ ಅದನ್ನೇ.

ಗೂಗಲ್‌ನ ಫ್ಯಾಮಿಲಿ ಲಿಂಕ್ ಮೂಲಕ ಮಗು ಯಾವ ಆ್ಯಪ್ ಹಾಕಿಕೊಳ್ಳಬಹುದು, ಎಷ್ಟು ಹೊತ್ತು ಬಳಸಬಹುದು ಎಂದು ಪೋಷಕರು ನಿಗದಿ ಮಾಡಬಹುದು. ಅಪರಿಚಿತರು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸದಂತೆ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ತಡೆಯಬಹುದು. ಇವನ್ನು ಮಾಡಲೇಬೇಕು. ಆದರೆ ಆಟದೊಳಗಿನ ಚಾಟ್‌ನಲ್ಲಿ ಯಾರು ಏನು ಕೇಳಿದರು ಎಂಬುದನ್ನು ಫ್ಯಾಮಿಲಿ ಲಿಂಕ್ ತೋರಿಸುವುದಿಲ್ಲ, ಅದನ್ನು ಮಗುವೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಬೈಯುವುದಿಲ್ಲ, ಮೊಬೈಲ್ ಕಸಿದುಕೊಳ್ಳುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು, ಆ ಮಾತಿಗೆ ತಪ್ಪದ ಮನೆಯಲ್ಲಷ್ಟೇ ಮಕ್ಕಳು ಅಂಥದ್ದನ್ನು ಹೇಳಿಯಾರು.

ನಮ್ಮ ತಪ್ಪೂ ಕಡಿಮೆಯಿಲ್ಲ. ಶಾಲೆ ಆರಂಭವಾಯಿತೆಂದರೆ, ಸಮವಸ್ತ್ರ ತೊಟ್ಟ ಮಗುವಿನ ಫೋಟೊವನ್ನು ಕೊರಳಿನ ಐಡಿ ಕಾರ್ಡ್, ಹಿಂದೆ ನಿಂತ ಶಾಲಾ ವ್ಯಾನ್ ಸಮೇತ ಫೇಸ್‌ಬುಕ್‌ಗೆ ಹಾಕುವವರು ನಾವೇ. ಅಪರಿಚಿತರಿಗೆ ಶಾಲೆಯ ಹೆಸರು ಹೇಳಬೇಡವೆಂದು ಆಮೇಲೆ ಯಾವ ಮುಖವಿಟ್ಟುಕೊಂಡು ಬುದ್ಧಿ ಹೇಳುವುದು?

ಬೆದರಿಕೆ ಬಂದರೆ ಮರ್ಯಾದೆಗೆ ಅಂಜಿ ಚಾಟ್ ಅಳಿಸಿ ಸುಮ್ಮನಾಗುವವರೇ ಹೆಚ್ಚು. ಅಳಿಸಿದರೆ ಸಾಕ್ಷ್ಯವೂ ಹೋಯಿತು. ಸ್ಕ್ರೀನ್‌ಶಾಟ್ ಮತ್ತು ಖಾತೆಯ ಹೆಸರನ್ನು ಉಳಿಸಿಕೊಂಡು, ಆ ಬಳಿಕವೇ ಬ್ಲಾಕ್ ಮಾಡಬೇಕು. ದೂರು ನೀಡಲು ನಗರದಲ್ಲಿ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆಗಳಿವೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ. ನೆರವಿಗೆ ಮಕ್ಕಳ ಸಹಾಯವಾಣಿ 1098, ಹಣ ಹೋಗಿದ್ದರೆ 1930. ಲೈಂಗಿಕ ಕಿರುಕುಳದ ಪ್ರಕರಣಗಳಲ್ಲಿ ಮಗುವಿನ ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸುವುದನ್ನು 2012ರ ಪೋಕ್ಸೊ ಕಾಯ್ದೆ ನಿಷೇಧಿಸಿದೆ ಎಂಬುದು ಎಷ್ಟೋ ಪೋಷಕರಿಗೆ ಗೊತ್ತಿಲ್ಲ.

ಶಾಲಾ ಡೈರಿಯಲ್ಲಿ ಶುಲ್ಕದ ಕಂತು, ರಜೆಯ ಪಟ್ಟಿಗೆ ಪುಟಗಟ್ಟಲೆ ಜಾಗವಿರುತ್ತದೆ. ಅದೇ ಡೈರಿಯ ಮೊದಲ ಪುಟದಲ್ಲಿ ಈ ಸಹಾಯವಾಣಿ ಸಂಖ್ಯೆಗಳನ್ನು ಮಕ್ಕಳ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ ಮುದ್ರಿಸುವಂತೆ ಶಾಲಾ ಶಿಕ್ಷಣ ಇಲಾಖೆಯು ನಗರದ ಎಲ್ಲ ಶಾಲೆಗಳಿಗೆ ಸೂಚಿಸಬೇಕು.

– ಒಬ್ಬ ಪೋಷಕ, ಬಸವೇಶ್ವರನಗರ, ಬೆಂಗಳೂರು